ಬಳ್ಳಾರಿಯಿಂದ ಹೋಗಿ ನೋಡಬೇಕಾದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ

ಟಿ.ವಿ.ಯಲ್ಲಿ ಕಾಣದ ಲೀಗ್ ಪಂದ್ಯಗಳೆಂದರೆ ನನಗೆ ಪ್ರಾಣ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಶೋಕನಗರದ ಈ ಕ್ರೀಡಾಂಗಣ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ.

ಬೆಂಗಳೂರು ಎಫ್‌ಸಿ ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ತನ್ನ ಮೊದಲ ಋತುವನ್ನು ಆಡಿ 2014ರಲ್ಲಿ ಚಾಂಪಿಯನ್ ಆದಾಗ ಇದೇ ಅದರ ತವರು. ಆಮೇಲೆ ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ದೊಡ್ಡ ಜನಜಂಗುಳಿಯೂ ಅದರೊಂದಿಗೆ ಹೋಯಿತು, ಆಟದ ಸೊಗಸು ಮಾತ್ರ ಇಲ್ಲೇ ಇದೆ! ಜಿಲ್ಲಾ ಲೀಗಿನ ಪಂದ್ಯದಲ್ಲಿ ಗೋಲ್‌ಕೀಪರ್ ತನ್ನ ರಕ್ಷಣಾ ಆಟಗಾರರನ್ನು ಕನ್ನಡ, ತಮಿಳು ಬೆರೆಸಿ ಗದರುವುದು, ಚೆಂಡು ಕಂಬಕ್ಕೆ ಬಡಿಯುವ ಸದ್ದು, ಎಲ್ಲವೂ ಕಿವಿಗೆ ಬೀಳುತ್ತದೆ. ಪಕ್ಕದಲ್ಲಿ ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಹಿರಿಯರು ಕುಳಿತಿದ್ದರೆ ನಿಮ್ಮ ಅದೃಷ್ಟ. ಹಳೆಯ ಕಾರ್ಖಾನೆ ತಂಡಗಳ ಕಥೆ ಕೇಳಿ, ಬಿಡುವಿಲ್ಲದೆ ಹೇಳುತ್ತಾರೆ.

ಕೃತಕ ಹುಲ್ಲಿನ ಮೈದಾನ, ಹಾಗಾಗಿ ಚೆಂಡಿನ ಪುಟಿತ ಬೇರೆ, ಆಟ ಚುರುಕು. ನಮ್ಮೂರಿನ ಕೆಂಪು ಮಣ್ಣಿನ ಮೇಲೆ ಆಡುವ ಹುಡುಗರನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ. ಪಂದ್ಯದ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮಂಡಕ್ಕಿ ಒಗ್ಗರಣೆ ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಬೆಂಗಳೂರಿನದು ನನ್ನ ನಾಲಿಗೆಗೆ ಹತ್ತುವುದಿಲ್ಲ.