ಭಾರದ ಗಾಡೀಲಿ ತಿರುವು ಕಲಿಯೋಕೆ: ರೇಸ್ ಟ್ರ್ಯಾಕಾ, ಖಾಲಿ ಬಡಾವಣೆನಾ, ಮೈಸೂರಿನ ಮೇಷ್ಟ್ರಾ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮೇಷ್ಟ್ರಿಗೆ. ಅಂದ್ರೆ ನಮ್ಮೂರಲ್ಲೇ, ನಮ್ಮ ಗಾಡಿ ಮೇಲೇ, ನಾವು ಓಡಾಡೋ ರೋಡಲ್ಲೇ ಹಿಂದೆ ಹಿಂದೆ ಬಂದು ಕಲಿಸೋರಿಗೆ. ಅದಕ್ಕೆ ಮುಂಚೆ ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಒಂದು ದಿನದ ಕ್ಲಾಸು ಮುಗಿಸಿದ್ದೆ, ಭಾನುವಾರದ ಗೆಳೆಯರ ಗುಂಪಲ್ಲಿ ಖಾಲಿ ಬಡಾವಣೆಯಲ್ಲಿ ಕೋನ್ ಇಟ್ಟು ಸುತ್ತಿದ್ದೆ. ಒಂದಕ್ಕೆ ದುಡ್ಡು, ಒಂದಕ್ಕೆ ಬೆವರು, ಒಂದಕ್ಕೆ ಎರಡೂ ಸುರಿದಿದ್ದೀನಿ.

ಗಾಡಿ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650, ಕಾಲು ಮುಂದಕ್ಕೆ ಚಾಚಿ ಕೂರೋ ಕ್ರೂಸರ್ ಬೈಕು. ಎಂಜಿನ್ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಇಲ್ಲಿ ಲೆಕ್ಕಕ್ಕೆ ಬರೋದು ಮೂರೇ: ತೂಕ 241 ಕೆಜಿ, ನೆಲದಿಂದ ಎತ್ತರ 135 ಮಿ.ಮೀ., ಕಾಲಿಡೋ ಪೆಗ್ಗು ಮುಂದಕ್ಕಿದೆ. ನೇರ ರೋಡಲ್ಲಿ ಸೋಫಾ ಮೇಲೆ ಕೂತ ಹಾಗೆ ಹೋಗುತ್ತೆ. ಚಾಮುಂಡಿ ಬೆಟ್ಟದ ತಿರುವು ಸಿಕ್ಕಿದ ತಕ್ಷಣ ಇದೇ ಗಾಡಿ ಬೇರೆ ಯಾರದ್ದೋ ಅನ್ನಿಸೋಕೆ ಶುರುವಾಗುತ್ತೆ.

ನನ್ನ ಓಡಾಟ ಎಂಥದ್ದು ಅಂತ ಹೇಳದೆ ತೀರ್ಪು ಕೊಟ್ರೆ ಅರ್ಥ ಇರಲ್ಲ. ಮನೆ ಮೈಸೂರು, ಕೆಲಸ ಮಂಡ್ಯ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ, ಹಾಗಾಗಿ ನಮ್ಮದು ಸರ್ವೀಸ್ ರೋಡು. ರಜಾ ದಿನ ಜಕ್ಕನಹಳ್ಳಿ ದಾಟಿ ಮೇಲುಕೋಟೆ, ಇಲ್ಲಾಂದ್ರೆ ಹಲಗೂರಿಂದ ಮುತ್ತತ್ತಿ ಕಾಡಿನ ರೋಡು, ಯಾವಾಗಲಾದ್ರೂ ಬಿಳಿಗಿರಿರಂಗನ ಬೆಟ್ಟ. ಮೊಣಕಾಲು ನೆಲಕ್ಕೆ ಉಜ್ಜೋ ಆಸೆ ಇಲ್ಲ. ತಿರುವಿನಲ್ಲಿ ಎದುರಿಂದ ಬಸ್ ಬಂದಾಗ ಎದೆ ಧಸಕ್ ಅನ್ನಬಾರದು, ಅಷ್ಟೇ.

ಟ್ರ್ಯಾಕ್ ಕ್ಲಾಸು ನಡೆದದ್ದು ಕರಿ ಮೋಟಾರ್ ಸ್ಪೀಡ್‌ವೇನಲ್ಲಿ. ರೇಸರ್ ಕರಿವರ್ಧನ್ ಹೆಸರಿನ ಟ್ರ್ಯಾಕು ಅದು. ಕ್ಲಾಸು ನಡೆಸಿದವರು ಟ್ರ್ಯಾಕನ್ನ ಬಾಡಿಗೆಗೆ ಹಿಡಿದವರು, ಅವರ ಹೆಸರು ಬೇಡ. ಚಾಮರಾಜನಗರ, ಹಾಸನೂರು ಮೇಲೆ ಹೋದ್ರೆ ದಿಂಬಂ ಘಾಟಿ ಸಿಗುತ್ತೆ, 27 ಹೇರ್‌ಪಿನ್. ತಿರುವು ಕಲಿಯೋಕೆ ಅಂತ 27 ತಿರುವು ಇಳಿದು ಹೋಗೋದು, ಕಲಿತು ಸುಸ್ತಾಗಿ ಅದೇ 27 ಹತ್ತಿ ಬರೋದು! ಆ ಕಾಡಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ ಇದೆ, ಆದ್ದರಿಂದ ಹಿಂದಿನ ದಿನವೇ ಹೋಗಿ ಲಾಡ್ಜ್ ಹಿಡೀಬೇಕು. ಫೀಸು, ಲೆದರ್ ಸೂಟಿನ ಬಾಡಿಗೆ, ಲಾಡ್ಜು, ಪೆಟ್ರೋಲು ಎಲ್ಲ ಕೂಡಿದ್ರೆ ನನ್ನ ಗಾಡಿಗೆ ಎರಡೂ ಟೈರ್ ಹೊಸದಾಗಿ ಹಾಕಿಸಿ ಇನ್ನೂ ಕೈಯಲ್ಲಿ ಉಳೀತಿತ್ತು. ಬಾಡಿಗೆ ಸೂಟಿನ ವಾಸನೆ ಬಗ್ಗೆ ನಾನೇನೂ ಹೇಳಲ್ಲ.

ಪಾಠ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಥ್ರಾಟಲ್ (ಆಕ್ಸಿಲರೇಟರ್) ಪಾಠವಂತೂ ಇವತ್ತಿಗೂ ಕೈಯಲ್ಲಿ ಉಳಿದಿದೆ. ಅಮೆರಿಕದ ತರಬೇತುದಾರ ಕೀತ್ ಕೋಡ್ 1980ರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಹೇಳಿಕೊಂಡು ಬಂದಿರೋ ಸೂತ್ರ ಅದು (ನಾನು ಹೋಗಿದ್ದು ಆ ಸ್ಕೂಲಿಗಲ್ಲ): ಗಾಡಿ ವಾಲಿಸಿ ದಿಕ್ಕು ಸಿಕ್ಕ ಮೇಲೆ ಥ್ರಾಟಲ್ ಸಣ್ಣಗೆ ತೆರಿ, ತಿರುವು ಮುಗಿಯೋವರೆಗೂ ಒಂದೇ ಸಮ ಏರಿಸ್ತಾ ಹೋಗು. ಹೆದರಿ ಥ್ರಾಟಲ್ ಮುಚ್ಚಿದ್ರೆ ಭಾರ ಎಲ್ಲ ಮುಂದಿನ ಚಕ್ರಕ್ಕೆ ಬೀಳುತ್ತೆ, ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಕುಸಿಯುತ್ತೆ, ಗಾಡಿ ಇನ್ನಷ್ಟು ನೆಲಕ್ಕೆ ಹತ್ತಿರ ಆಗುತ್ತೆ. 135 ಮಿ.ಮೀ. ಎತ್ತರದ ಗಾಡಿಯವರು ಇದನ್ನ ಬರೆದಿಟ್ಟುಕೊಳ್ಳಬೇಕು.

ತಕರಾರು ಇರೋದು ಬೇರೆ ಕಡೆ. ಕ್ರೂಸರನ್ನ ಟ್ರ್ಯಾಕಿಗೆ ಇಳಿಸೋಕೆ ಅವರು ಒಪ್ಪಲಿಲ್ಲ. ಪೆಗ್ಗು ಬೇಗ ನೆಲ ಮುಟ್ಟುತ್ತೆ, ಹಿಂದೆ ಬರೋರಿಗೆ ಅಪಾಯ ಅನ್ನೋದು ಅವರ ಮಾತು, ಅದು ನಿಜ. ಆದರೆ ಫೋನಲ್ಲಿ ಗಾಡಿ ಯಾವುದು ಅಂತ ಕೇಳಿ, "ಪರವಾಗಿಲ್ಲ ಬನ್ನಿ ಸಾರ್" ಅಂದವರು ಅವರೇ. ಅಲ್ಲಿಗೆ ಹೋದ ಮೇಲೆ ಒಂದು ಹಗುರ ಸ್ಪೋರ್ಟ್ಸ್ ಬೈಕ್ ಕೊಟ್ರು. ಹ್ಯಾಂಡಲ್ ತಗ್ಗು, ಪೆಗ್ಗು ಹಿಂದಕ್ಕೆ, ಟ್ಯಾಂಕು ಎರಡು ಮೊಣಕಾಲ ಮಧ್ಯೆ ಗಟ್ಟಿಯಾಗಿ ಸಿಗುತ್ತೆ. ತಿರುವಿನ ಹೊರಗಿನ ಬದಿಯ ಕಾಲನ್ನ ಟ್ಯಾಂಕಿಗೆ ಕೊಟ್ಟು ಸೊಂಟ ಜಾರಿಸಿ ಅಂದ್ರು, ಜಾರಿಸಿದೆ. ಗಾಡಿ ಬೆಣ್ಣೆ ತರ ವಾಲಿತು, ಎದ್ದಿತು. ಸಂಜೆ ಹೊತ್ತಿಗೆ ನಾನೇ ದೊಡ್ಡ ಸವಾರ.

ಊರಿಗೆ ಬಂದು ಮೀಟಿಯರ್ ಹತ್ತಿದೆ, ಚಾಮುಂಡಿ ಬೆಟ್ಟದ ಕಡೆ ತಿರುಗಿಸಿದೆ. ಅಲ್ಲಿ ಕಲಿತದ್ದರಲ್ಲಿ ಅರ್ಧ ಈ ಗಾಡಿಗೆ ಕೂರೋದೇ ಇಲ್ಲ. ಕಾಲು ಮುಂದಕ್ಕೆ ಚಾಚಿ ಕೂತಾಗ ಮೊಣಕಾಲು ಟ್ಯಾಂಕಿಂದ ದೂರ ಹೋಗಿರುತ್ತೆ, ಹೊರಗಿನ ಕಾಲಿಂದ ಒತ್ತು ಕೊಡೋಕೆ ಜಾಗವೇ ಇಲ್ಲ. ಕಾಲು ಹಿಡೀದಿದ್ರೆ ಮೈ ಇನ್ನೇನು ಹಿಡಿಯುತ್ತೆ? ಹ್ಯಾಂಡಲ್ಲು. ಗೊತ್ತಿಲ್ಲದಂತೆ ಎರಡು ಕೈಯೂ ಬಿಗಿಯಾಗುತ್ತೆ. ವೇಗದಲ್ಲಿ ಗಾಡಿ ವಾಲೋದು ಕೈ ಒತ್ತಿದಾಗ: ಎಡಕ್ಕೆ ಹೋಗಬೇಕಾದ್ರೆ ಎಡಗೈ ಮುಂದಕ್ಕೆ ಒತ್ತಬೇಕು, ಬಲಕ್ಕೆ ಬಲಗೈ. ಎರಡೂ ಕೈ ಬಿಗಿಹಿಡಿದವನು ಎಡಗೈಲಿ ಒತ್ತೋದನ್ನ ಬಲಗೈಲಿ ತಡೀತಿರ್ತಾನೆ. ತನಗೆ ತಾನೇ ಅಡ್ಡ. ಗಾಡಿ ತಿರುಗಲ್ಲ, ತಿರುವಿನ ಹೊರ ಅಂಚಿಗೆ ಓಡುತ್ತೆ, ತೂಕದ ಮೇಲೆ ತಪ್ಪು ಹೊರಿಸ್ತೀವಿ. ಇದನ್ನ ಟ್ರ್ಯಾಕಿನವರು ಹೇಳೋ ಪ್ರಸಂಗವೇ ಬರಲಿಲ್ಲ, ಅವರು ಕೊಟ್ಟ ಬೈಕಲ್ಲಿ ಈ ಸಮಸ್ಯೆಯೇ ಇರಲಿಲ್ಲ!

ಕೋನ್ ಗುಂಪಿನದ್ದು ಬೇರೆ ಲೋಕ. ರಿಂಗ್ ರೋಡ್ ಆಚೆ ಇನ್ನೂ ಮನೆ ಏಳದ ಬಡಾವಣೆ, ಅಗಲ ಡಾಂಬರು, ಕೋನ್ ಸಾಲದಿದ್ರೆ ನೀರು ತುಂಬಿದ ಬಾಟ್ಲಿ. ಎಂಟರ ಆಕಾರ, ಪೂರ್ತಿ ಯೂ ಟರ್ನ್. ಜಪಾನಿನಲ್ಲಿ ಹುಟ್ಟಿದ, ಕೋನ್ ಸುತ್ತಿ ಬೈಕ್ ಓಡಿಸೋ ಮೋಟೋ ಜಿಮ್ಖಾನಾ ಆಟದ ಹಳ್ಳಿ ಆವೃತ್ತಿ ಅಂದ್ಕೊಳ್ಳಿ. ಅರ್ಧ ಕ್ಲಚ್ಚು, ಹಿಂದಿನ ಬ್ರೇಕಿನ ಮೇಲೆ ಸಣ್ಣ ಒತ್ತಡ, ಕಣ್ಣು ಹೋಗಬೇಕಾದ ಕಡೆ. ಕ್ಲಚ್ ಪೂರ್ತಿ ಹಿಡಿದ್ರೆ 241 ಕೆಜಿ ಒಂದೇ ಕಡೆ ಕುಸಿಯೋದು ಖಚಿತ, ಎತ್ತೋಕೆ ಗೆಳೆಯರು ಇರ್ತಾರೆ ಅನ್ನೋದೇ ಲಾಭ. ಖರ್ಚು ಅಂದ್ರೆ ಆಮೇಲಿನ ಮಸಾಲೆ ದೋಸೆ. ದೇವರಾಜ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಗಾಡಿ ತಿರುಗಿಸೋನಿಗೆ, ಹೇರ್‌ಪಿನ್ ಮಧ್ಯೆ ಲಾರಿ ನಿಂತಾಗ ಕಾಲೂರದೆ ಕಾಯೋನಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಆದರೆ ಇಲ್ಲಿನ ವೇಗಕ್ಕೆ ಕೈ ಒತ್ತಿ ವಾಲಿಸೋ ವಿದ್ಯೆ ಬೇಕಾಗೋದೇ ಇಲ್ಲ, ಹ್ಯಾಂಡಲ್ ತಿರುಗಿಸಿದ ಕಡೆ ಗಾಡಿ ಹೋಗುತ್ತೆ. ಇದನ್ನೇ ನೆಚ್ಚಿಕೊಂಡು ಮೇಲುಕೋಟೆ ಏರಿದ್ರೆ ಏನೂ ಗೊತ್ತಿಲ್ಲದವನಷ್ಟೇ ಕಷ್ಟ.

ಯೂಟ್ಯೂಬು: ನೋಡಿ, ತಲೆಗೆ ಹೋಗುತ್ತೆ, ಕೈಗೆ ಬರಲ್ಲ.

ಇನ್ನು ಮೇಷ್ಟ್ರು. ನನಗಿಂತ ಸಾಕಷ್ಟು ಚಿಕ್ಕ ಹುಡುಗ, ನಾನು ಮೇಷ್ಟ್ರೇ ಅಂದ್ರೆ ನಾಚ್ಕೊಳ್ತಾನೆ. ಬೆಳಗಿನ ಜಾವ ಬಸ್ಸು ಶುರುವಾಗೋ ಮುಂಚೆ ಬೆಟ್ಟದ ಬುಡಕ್ಕೆ ಬರಬೇಕು, ಹೆಲ್ಮೆಟ್ಟಲ್ಲಿ ಇಂಟರ್‌ಕಾಮ್, ಅವನು ಹಿಂದೆ. ಮೊದಲ ಏರಲ್ಲೇ ಹೇಳಿದ, "ಸಾರ್, ಮೊಣಕೈ ಕೋಳಿ ರೆಕ್ಕೆ ತರ ಆಡಿಸಿ." ತಿರುವಿನ ಮಧ್ಯೆ! ಆಡಿಸೋಕೆ ಹೋದ್ರೆ ಆಡಲೇ ಇಲ್ಲ, ಕಟ್ಟಿಗೆ ಆಗಿತ್ತು. ಆಮೇಲೆ ಬೆಟ್ಟದ ಬದಿಯಲ್ಲಿ ನಿಲ್ಲಿಸಿ ಕೂರೋ ರೀತಿ ತೋರಿಸಿದ. ಸೊಂಟ ಸೀಟಿನ ಹಿಂಭಾಗಕ್ಕೆ ಒತ್ತಿ ಕೂರೋದು, ಮೊಣಕಾಲಿನ ಬದಲು ತೊಡೆಯ ಒಳಭಾಗದಿಂದ ಟ್ಯಾಂಕ್ ಹಿಡಿಯೋದು, ಹೊಟ್ಟೆ ಸ್ವಲ್ಪ ಬಿಗಿ, ಎದೆ ತಿರುವಿನ ಒಳಬದಿಯ ಕನ್ನಡಿ ಕಡೆ ಬಾಗಿಸೋದು. ಸೊಂಟ ಜಾರಿಸೋ ತಂಟೆಯೇ ಇಲ್ಲ. ಮೈ ಕೂತ್ಕೊಂಡ ಮೇಲೆ ಕೈ ತಾನಾಗೇ ಬಿಟ್ಟಿತು. ಎಡಗೈ ಒತ್ತಿದೆ, ಗಾಡಿ ಎಡಕ್ಕೆ ವಾಲಿತು. ಅದೇ 241 ಕೆಜಿ.

ಎರಡನೇ ಪಾಠ ರೋಡಿನದು. ಟ್ರ್ಯಾಕಲ್ಲಿ ಒಳಗಿನ ಅಂಚು ಮುಟ್ಟಿಕೊಂಡು ಹೋಗು ಅಂತಾರೆ. ನಮ್ಮ ರೋಡಲ್ಲಿ ಬಲ ತಿರುವಿನ ಒಳಗಿನ ಅಂಚು ಅಂದ್ರೆ ಮಧ್ಯದ ಗೆರೆ. ಚಕ್ರ ಗೆರೆಯ ಈಚೆ ಇದ್ರೂ ಗಾಡಿ ವಾಲಿದಾಗ ನಮ್ಮ ತಲೆ, ಬಲಗೈ ಎರಡೂ ಗೆರೆಯ ಆಚೆ ಇರುತ್ತೆ. ಎದುರಿಂದ ಕೆಎಸ್‌ಆರ್‌ಟಿಸಿ ಬಂದ್ರೆ? "ಚಕ್ರ ಅಲ್ಲ ಸಾರ್, ನಿಮ್ ತಲೆ ನಿಮ್ ಲೇನಲ್ಲಿ ಇರ್ಬೇಕು" ಅಂದ. ಅದಾದ ಮೇಲೆ ಬಲ ತಿರುವಲ್ಲಿ ನಾನು ಎಡಕ್ಕೇ ಅಂಟಿಕೊಂಡು, ಪೂರ್ತಿ ಕಂಡ ಮೇಲಷ್ಟೇ ಒಳಗೆ ಬರ್ತೀನಿ. ಕಾಣೋದು ಅಂದ್ರೆ, ರೋಡಿನ ಎಡ ಬಲ ಅಂಚು ದೂರದಲ್ಲಿ ಕೂಡೋ ಜಾಗ. ಅದು ನಮ್ಮಿಂದ ದೂರ ಸರೀತಿದ್ರೆ ತಿರುವು ಬಿಚ್ಚಿಕೊಳ್ತಿದೆ, ಥ್ರಾಟಲ್ ಕೊಡಬಹುದು. ಹತ್ತಿರ ಬರ್ತಿದ್ರೆ ತಿರುವು ಇನ್ನೂ ಬಿಗಿಯಾಗ್ತಿದೆ, ವೇಗ ಇಳಿಸು. ಇಂಗ್ಲೆಂಡಿನ ಪೊಲೀಸರ ತರಬೇತಿಯಲ್ಲಿ ಇದು ಹಳೇ ಪಾಠ.

ವೇಗ ಯಾಕೆ ಇಷ್ಟು ಮುಖ್ಯ ಅನ್ನೋದಕ್ಕೆ ನನ್ನ ಹಳೇ ಪಿಯುಸಿ ಫಿಸಿಕ್ಸ್ ಸಹಾಯಕ್ಕೆ ಬಂತು. 30 ಮೀಟರ್ ತ್ರಿಜ್ಯದ ತಿರುವನ್ನ 40 ಕಿ.ಮೀ. ವೇಗದಲ್ಲಿ ತೆಗೆದ್ರೆ ಸುಮಾರು 23 ಡಿಗ್ರಿ ವಾಲಬೇಕು. 50ರಲ್ಲಿ ತೆಗೆದ್ರೆ 33. ಬರೀ ಹತ್ತು ಕಿಲೋಮೀಟರಿಗೆ ಹತ್ತು ಡಿಗ್ರಿ, ಅಷ್ಟೊತ್ತಿಗೆ ಕ್ರೂಸರಿನ ಪೆಗ್ಗು ಕರ್ರ್ ಅನ್ನೋ ಸಾಧ್ಯತೆ ಇದ್ದೇ ಇದೆ.

ಮಂಡ್ಯ ಕಡೆಯ ಪಾಠ ಟ್ರ್ಯಾಕಲ್ಲಿ ಸಿಗೋಕೆ ಸಾಧ್ಯವೇ ಇಲ್ಲ. ಸುಗ್ಗಿಯಲ್ಲಿ ತಿರುವು ದಾಟಿದ್ರೆ ರೋಡ್ ತುಂಬಾ ಹುರುಳಿ ಹರಡಿರುತ್ತೆ, ಅದರ ಮೇಲೆ ವಾಲಿದ್ರೆ ಮುಗೀತು. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರಿನ ಕೆಸರು, ಕಬ್ಬಿನ ಸೋಗೆ. ನಾಲೆ ಏರಿ ಮೇಲಿನ ತಿರುವಲ್ಲಂತೂ ಹೊರ ಅಂಚು ದಾಟಿದ್ರೆ ನೀರೇ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ತೀರಿಕೊಂಡದ್ದು ಈ ಕಡೆಯವರು ಯಾರೂ ಮರೆತಿಲ್ಲ. ಮೇಷ್ಟ್ರು ಇಲ್ಲಿ ಕಲಿಸಿದ್ದು ಒಂದೇ: ಕಾಣೋ ದೂರದ ಒಳಗೆ ನಿಲ್ಲಿಸೋಕೆ ಆಗೋ ವೇಗ, ಅದಕ್ಕೆ ಬ್ರೇಕನ್ನ ತಿರುವಿನ ಬಾಯೊಳಕ್ಕೂ ಸ್ವಲ್ಪ ಹಿಡಿದು ತಂದು ಮೆಲ್ಲಗೆ ಬಿಡೋದು. ಟ್ರ್ಯಾಕಿನವರು ನನಗೆ ಹೇಳಿದ್ದು ವಾಲೋ ಮುಂಚೆ ಬ್ರೇಕ್ ಮುಗಿಸಿಬಿಡು ಅಂತ. ಇಬ್ಬರದ್ದೂ ಸರಿಯೇ, ಆದರೆ ಹುರುಳಿ ಇರೋ ರೋಡಲ್ಲಿ ನಾನು ಮೇಷ್ಟ್ರ ಕಡೆ.

ಅವನಲ್ಲೂ ಕೊರತೆ ಇದೆ. ಹೊತ್ತಿಗೆ ಸಿಗಲ್ಲ, ಆಷಾಢ ಶುಕ್ರವಾರ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡಲ್ಲ, ದಸರಾ ಹತ್ರ ಬಂದ್ರೆ ಊರೇ ಜಾಮ್. ಇಂಟರ್‌ಕಾಮ್ ಬೇಕಾದಾಗಲೇ ಗೊರಗೊರ. ಜೋರಾಗಿ ಬ್ರೇಕ್ ಹಾಕೋ ಅಭ್ಯಾಸ ರೋಡಲ್ಲಿ ಮಾಡೋಕಾಗಲ್ಲ, ಅದಕ್ಕೆ ಟ್ರ್ಯಾಕೇ ಸರಿ.

ಸ್ಪೋರ್ಟ್ಸ್ ಬೈಕ್ ಇದ್ದು, ವಯಸ್ಸಿದ್ದು, ಜೇಬೂ ಗಟ್ಟಿ ಇದ್ರೆ ಕೊಯಮತ್ತೂರಿಗೆ ಹೋಗಿ, ನಾನು ಬೇಡ ಅನ್ನಲ್ಲ. ಗಾಡಿ ಹೊಸದು, ಇನ್ನೂ ಯೂ ಟರ್ನಿಗೇ ಭಯ ಅನ್ನೋರು ಮೊದಲು ಕೋನ್ ಗುಂಪು ಸೇರಿ. ನನ್ನಂತೆ ಸಂಬಳದ ಲೆಕ್ಕದಲ್ಲಿ ಬದುಕಿ, ಭಾರದ ಗಾಡೀಲಿ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದು ಬರೋರು ಲೋಕಲ್ ಮೇಷ್ಟ್ರನ್ನ ಹುಡುಕಿ. ಟ್ರ್ಯಾಕಿಗೆ ಸುರಿದ ದುಡ್ಡಲ್ಲಿ ಅವನ ಹತ್ರ ಎಷ್ಟೋ ಬೆಳಗ್ಗೆ ಕಲಿಯಬಹುದಿತ್ತು. ಯಾರಿಗೇ ಫೋನ್ ಮಾಡಿದ್ರೂ ಮೊದಲು ಕೇಳಬೇಕಾದ್ದು ಫೀಸಲ್ಲ, "ನನ್ನ ಗಾಡೀಲೇ ಕಲಿಸ್ತೀರಾ?" ಅಂತ. ಹೂಂ ಅಂದ್ರೆ ಅದನ್ನ ವಾಟ್ಸಾಪಲ್ಲಿ ಬರೆದು ಕಳಿಸೋಕೆ ಹೇಳಿ, ಆಮೇಲೆ ಅಡ್ವಾನ್ಸ್ ಹಾಕಿ.