ಹಳೇ ಮನೆ, ಎರಡು ನಾಯಿ: ನೆಲಕ್ಕೆ ಯಾವುದು?

ಇರುವ ರೆಡ್ ಆಕ್ಸೈಡ್ ನೆಲವನ್ನೇ ರಿಪೇರಿ ಮಾಡಿಸೋದಾ, ವಿಟ್ರಿಫೈಡ್ ಟೈಲ್ಸಾ, ಶಹಾಬಾದ್ ಕಲ್ಲಾ ಎಂದು ಕೇಳಿದ್ದೀರಿ.

ದುಡ್ಡಿಗಿಂತ ಮೊದಲು ನಾಯಿಯ ಕಾಲು ನೋಡಿ. ನಮ್ಮ ವಯಸ್ಸಾದ ನಾಯಿ ಹೊಳೆಯುವ ಟೈಲ್ಸ್ ಮೇಲೆ ಏಳಲು ಹೋದರೆ ಹಿಂಗಾಲು ಎರಡೂ ಬದಿಗೆ ಜಾರುತ್ತಿದ್ದವು. ಉಗುರು ಊರಿ ನೋಡಿ, ಆಗದೆ ಮತ್ತೆ ಕೂತುಬಿಡುತ್ತಿತ್ತು. ಸಂಕಟ ಆಗುತ್ತಿತ್ತು. ಹಾಗಾಗಿ ಟೈಲ್ಸ್ ಆದರೆ ಮ್ಯಾಟ್ ಫಿನಿಶ್‌ನದೇ ತಗೊಳ್ಳಿ. ಪಾಲಿಶ್ ಮಾಡದ ಶಹಾಬಾದ್ ಕಲ್ಲಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಸವೆದು ನುಣುಪಾದ ರೆಡ್ ಆಕ್ಸೈಡ್ ಒದ್ದೆಯಾದರೆ ಜಾರುತ್ತದೆ.

ಉಚ್ಚೆ ವಿಷಯ. ಟೈಲ್ಸ್ ಹೀರೋದಿಲ್ಲ, ಸಂದಿನ ಸಿಮೆಂಟ್ ಹೀರುತ್ತದೆ. ವಾಸನೆ ಉಳಿಯೋದು ಅಲ್ಲೇ. ಸಿಮೆಂಟ್ ಬದಲು ಸಂದಿಗೆ ತುಂಬುವ, ಹೀರದ ಅಂಟು ಎಪಾಕ್ಸಿ ಗ್ರೌಟ್. ಅದಕ್ಕೆ ಖರ್ಚು ಜಾಸ್ತಿ, ಆದರೂ ಹಾಕಿಸಿ. ಶಹಾಬಾದ್ ಸುಣ್ಣದಕಲ್ಲು, ಕಲೆ ಹಿಡಿಯುತ್ತದೆ. ಆಸಿಡ್‌ನಲ್ಲಿ ತೊಳೆದರೆ ಕಲ್ಲೇ ಹಾಳು. ರೆಡ್ ಆಕ್ಸೈಡ್‌ಗೆ ಸಂದಿನ ಕಾಟ ಇಲ್ಲ, ಬಿರುಕಿನದೇ ಚಿಂತೆ.

ಬಿರುಕು ನಾಲ್ಕೈದೇ ಇದ್ದರೆ ರಿಪೇರಿಯೇ ಅಗ್ಗ. ತೇಪೆಯ ಬಣ್ಣ ಮಾತ್ರ ಹೊಂದೋದು ಕಷ್ಟ. ಹಸಿ ನೆಲದ ಮೇಲೆ ನಾಯಿ ಓಡಿದರೆ ಹೆಜ್ಜೆ ಹಾಗೇ ಉಳಿಯುತ್ತದೆ, ಕೆಲವು ದಿನ ಬೇರೆ ಕಡೆ ಇಡಿ. ಬಿರುಕು ತುಂಬಾ ಇದ್ದು, ತಟ್ಟಿದರೆ ಟೊಳ್ಳು ಸದ್ದು ಬರದಿದ್ದರೆ, ಒಡೆಯದೆ ಮೇಲೆಯೇ ಟೈಲ್ಸ್ ಕೂರಿಸಬಹುದು. ಬಾಗಿಲ ಕೆಳಗೆ ಸ್ವಲ್ಪ ಕೊಯ್ಯಬೇಕಾದೀತು, ಅಷ್ಟೇ. ನಾಯಿ ಹೊರಗೇ ಜಾಸ್ತಿ ಇರುತ್ತೆ ಅಂದರೆ ಜಗಲಿ, ಹಿತ್ತಲಿಗೆ ಮಾತ್ರ ಶಹಾಬಾದ್ ಹಾಕಿಸಿ.