"ಮೈಸೂರು ಗಂಧದ ಬೇಸ್" ಅಂತ ಮಿಟ್ಟಿ ಅತ್ತರ್ ತಗೋತಿದ್ದೀರಾ? ಮೊದಲು ತೂಕ ಹಾಕಿ

ಒಂದು ತೊಲ (12 ಎಂಎಲ್ ಬಾಟಲಿ) ಮಿಟ್ಟಿ ಅತ್ತರ್, ಅಂದರೆ ಮೊದಲ ಮಳೆ ಮಣ್ಣಿನ ವಾಸನೆಯ ಸುಗಂಧ ಎಣ್ಣೆ, 950 ರೂಪಾಯಿ. "ಮೊದಲ ಮಳೆ, ಕನೌಜಿನ ಡೇಗ್‌ನಲ್ಲಿ ಇಳಿಸಿದ್ದು, ಅಸಲಿ ಮೈಸೂರು ಶ್ರೀಗಂಧದ ಬೇಸ್" ಅಂತ ಇನ್‌ಸ್ಟಾದಲ್ಲಿ ಹಾಕಿದ್ದರು. ಲೆಕ್ಕ ಗೊತ್ತಿದ್ದೂ ತಗೊಂಡೆ, ಅದೇ ನಾಚಿಕೆ. ಗಂಧದೆಣ್ಣೆ ಕಿಲೋಗೆ ಲಕ್ಷ ದಾಟಿ ಎಷ್ಟೋ ಕಾಲವಾಯ್ತು. ಬರೀ ಒಂದು ಲಕ್ಷ ಅಂತಲೇ ಹಿಡಿಯಿರಿ. 12 ಎಂಎಲ್ ಬಾಟಲಿಗೆ 11.6 ಗ್ರಾಂ, ಎಣ್ಣೆ ದುಡ್ಡೇ 1,160. ಮೇಲೆ ಮಣ್ಣು, ಸೌದೆ, ಕೂಲಿ, ಕೊರಿಯರ್. 950ಕ್ಕೆ ಎಲ್ಲಿಂದ ಕೊಡ್ತಾರೆ ಸ್ವಾಮಿ?

ಉತ್ತರ ಪ್ರದೇಶದ ಅತ್ತರ್ ಊರು ಕನೌಜಿನಲ್ಲಿ ಸುಟ್ಟ ಮಣ್ಣನ್ನು ಡೇಗ್ ಅನ್ನೋ ತಾಮ್ರದ ಹಂಡೆಗೆ ಹಾಕಿ ನೀರಲ್ಲಿ ಕಾಯಿಸ್ತಾರೆ. ಆವಿ ಬಿದಿರಿನ ಕೊಳವೆ ಹಾದು ಭಪ್ಕಾ ಅನ್ನೋ ಪಾತ್ರೆಯಲ್ಲಿರೋ ಗಂಧದೆಣ್ಣೆಗೆ ಇಳಿಯುತ್ತೆ, ಆ ಎಣ್ಣೆಯೇ ಬೇಸ್. ಗಂಧದ ಜಾಗದಲ್ಲಿ ಲಿಕ್ವಿಡ್ ಪ್ಯಾರಾಫಿನ್ (ವಾಸನೆಯಿಲ್ಲದ ಪೆಟ್ರೋಲಿಯಂ ಎಣ್ಣೆ) ಇಟ್ಟು ಇಳಿಸೋದೂ ಉಂಟು, ಅಗ್ಗ. ಹಾಗಂತ ಹೇಳಿ ಮಾರಿದರೆ ತಕರಾರಿಲ್ಲ. ಗಂಧ ಅಂತ ಹೇಳಿ ಪ್ಯಾರಾಫಿನ್ ಕೊಟ್ಟರೆ?

ವಾಸನೆ ನೋಡೋ ಕಾಗದದ ಪಟ್ಟಿಗೆ ಹಚ್ಚಿದಾಗ ಮೊದಲು ಬಂದದ್ದು ಹಸಿ ಬೀಟ್‌ರೂಟ್ ವಾಸನೆ. ಅದು ಜಿಯೋಸ್ಮಿನ್, ಮಳೆ ಮಣ್ಣಿನ ವಾಸನೆಯಲ್ಲೂ ಬೀಟ್‌ರೂಟ್‌ನಲ್ಲೂ ಇರೋದು ಅದೇ. ಸರಿ, ಕೆಳಗೆ ಗಂಧ ಏಳಲಿ ಅಂತ ಕಾದೆ. ಮಾರನೇ ದಿನ ಪಟ್ಟಿಯಲ್ಲಿ ಎಣ್ಣೆ ಕಲೆ ಮಾತ್ರ. ನಿಜವಾದ ಗಂಧ ಆಗಿದ್ದರೆ ವಾರವಾದರೂ ಪಟ್ಟಿ ಬಿಡಲ್ಲ.

ಮಾರಿದವರನ್ನು ಕೇಳಿದೆ. ಉತ್ತರ: "ಮಳೆ ನಿಂತ ಮೇಲೆ ಮಣ್ಣಿನ ವಾಸನೆ ಇರುತ್ತಾ ಸರ್?" ಇದನ್ನು ಓದಿ ಒಂದು ಕ್ಷಣ ಹೌದಲ್ಲ ಅನ್ನಿಸಿತು ನೋಡಿ, ಅಷ್ಟು ಚೆನ್ನಾಗಿ ಬರೀತಾರೆ!

ಆಮೇಲೆ ತೂಕಕ್ಕೆ ಇಟ್ಟೆ. ಮೆಡಿಕಲ್ ಶಾಪಿನ 5 ಎಂಎಲ್ ಸಿರಿಂಜ್, 0.01 ಗ್ರಾಂ ತೋರಿಸೋ ಪುಟ್ಟ ತಕ್ಕಡಿ. ಖಾಲಿ ಸಿರಿಂಜ್ ಇಟ್ಟು ಸೊನ್ನೆ ಮಾಡಿ, ಗುಳ್ಳೆ ಬರದಂತೆ 5 ಎಂಎಲ್ ಎಳೆದು ಮತ್ತೆ ಇಡಿ. ಗಂಧದೆಣ್ಣೆ ಆದರೆ 4.85 ಗ್ರಾಂ ಆಸುಪಾಸು ಬರಬೇಕು. ಬಂದದ್ದು 4.29. ಇದು ಪ್ಯಾರಾಫಿನ್ ತೂಕ. ಮತ್ತೆ ಮಾಡಿದೆ, 4.30.

ಇನ್ನೊಂದು: 95% ಆಲ್ಕೋಹಾಲ್ 74 ಎಂಎಲ್‌ಗೆ ನೀರು ಸೇರಿಸಿ 100 ಎಂಎಲ್ ಮಾಡಿದರೆ 70% ಆಗುತ್ತೆ. ಅದರ 5 ಎಂಎಲ್‌ಗೆ 1 ಎಂಎಲ್ ಅತ್ತರ್. ಗಂಧ ತಿಳಿಯಾಗಿ ಕರಗುತ್ತೆ. ಇದು ನೀರು ಮಜ್ಜಿಗೆ ಥರ ಬೆಳ್ಳಗಾಯ್ತು, ಸ್ವಲ್ಪ ಹೊತ್ತಿಗೆ ಎಣ್ಣೆ ಬೇರೆಯಾಗಿ ನಿಂತಿತು.

ಫೋಟೋ ಕಳಿಸಿದೆ. "ಪ್ರತಿ ಬ್ಯಾಚ್ ಬೇರೆ ಸರ್." ಎಣ್ಣೆಯಲ್ಲಿ ಏನೇನು ಎಷ್ಟಿದೆ ಅಂತ ತೋರಿಸೋ ಲ್ಯಾಬಿನ ಜಿಸಿ (ಗ್ಯಾಸ್ ಕ್ರೊಮಟೋಗ್ರಫಿ) ರಿಪೋರ್ಟ್ ಕೇಳಿದೆ. "ಟ್ರೇಡ್ ಸೀಕ್ರೆಟ್." ಗಂಧ ಎಲ್ಲಿ ಅಂದದ್ದಕ್ಕೆ, "ಬೇಸ್ ಅಂದ್ರೆ ಬೇಸ್ ನೋಟ್, ಗಂಧದ ನೋಟ್ ಇದೆಯಲ್ಲ." ನೋಟ್ ಅಂತೆ, ಅಂದರೆ ಬರೀ ವಾಸನೆಯ ಛಾಯೆ! ಕೊನೆಗೆ ಒಂದು ರಿಪೋರ್ಟ್ ಬಂತು, ಗಂಧದೆಣ್ಣೆಯ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ 48%, ಬೀಟಾ 20%, ಚೆಂದದ ಅಂಕಿ. ಆದರೆ ಅದು ಯಾವುದೋ ಗಂಧದೆಣ್ಣೆಯದು, ಈ ಅತ್ತರ್‌ದಲ್ಲ. ಬ್ಯಾಚ್ ನಂಬರ್ ಇಲ್ಲ, ತಾರೀಕು ಕತ್ತರಿಸಿದ್ದಾರೆ. ಅದನ್ನು ಹೇಳಿದ್ದಕ್ಕೆ ಬ್ಲಾಕ್.

ತೂಕ ಸರಿ ಬಂತು ಅಂತ ಶುದ್ಧ ಅಂದುಕೊಳ್ಳಬೇಡಿ. ಡಿಪಿಜಿ (ಡೈಪ್ರೊಪಿಲೀನ್ ಗ್ಲೈಕಾಲ್, ಸುಗಂಧ ತೆಳು ಮಾಡೋ ಅಗ್ಗದ ದ್ರವ) ಬೆರೆಸಿದರೆ ತೂಕ ಹೆಚ್ಚೇ ಬರುತ್ತೆ, ಬರೀ ಡಿಪಿಜಿಗೆ 5.1 ಗ್ರಾಂ, ಅದು ನೀರಲ್ಲೂ ಕರಗಿಹೋಗುತ್ತೆ. ತೂಕ ತಪ್ಪಿದರೆ ಮಾತ್ರ ಮೋಸ ಖಾತ್ರಿ. 1 ಎಂಎಲ್ ಸ್ಯಾಂಪಲ್ ಕೊಡದವರ ಹತ್ತಿರ ತೊಲ ತಗೋಬೇಡಿ. "ಬೇಸ್ ಎಣ್ಣೆ ಯಾವುದು, ನೂರಕ್ಕೆ ಎಷ್ಟು" ಅಂತ ದುಡ್ಡು ಹಾಕೋ ಮುಂಚೆ ಬರಹದಲ್ಲಿ ಕೇಳಿ. ನೋಟ್ ಅಂದರೆ ಎದ್ದು ಬನ್ನಿ.

ಬೇರೆ ಫೋನಿಂದ ನೋಡಿದೆ. ಅದೇ ಬಾಟಲಿ, "ಕೊನೆಯ ಮೂರು ಪೀಸ್" ಅಂತಿದೆ. ನಾನು ತಗೊಂಡಾಗಲೂ ಮೂರೇ ಇದ್ದವು.